ಜಿಲ್ಲೆಗೊಂದು ತಳಿ

ಬೀದಿಯಲ್ಲಿ ಹೆಣ್ಣುನಾಯಿಯೊಂದು ಎದುರಾದರೆ ನಿಂತುಬಿಡುವ ಚಟ ನನಗಿದೆ. ಕೈಯಲ್ಲಿ ಕೊತ್ತಂಬರಿ ಸಿವುಡು ಹಿಡಿದುಕೊಂಡೇ ಅದರ ಎದೆ ಎಷ್ಟು ಆಳವಿದೆ, ಮುಂಗಾಲು ನೆಟ್ಟಗಿವೆಯೇ, ಬೆನ್ನು ತಗ್ಗಿದೆಯೇ ಎಂದು ನೋಡುತ್ತೇನೆ. ನಾಯಿಗೆ ಇದು ಸೇರುವುದಿಲ್ಲ. ಮೊದಲು ಬಾಲ ಆಡಿಸುತ್ತದೆ, ಆಮೇಲೆ ಸಂಶಯಪಡುತ್ತದೆ, ಕೊನೆಗೆ ಗುರ್ ಎನ್ನುತ್ತದೆ. ಮೊನ್ನೆ ಮುಳಗುಂದ ನಾಕಾದ ಹತ್ತಿರ ಹೀಗೆ ನಿಂತಿದ್ದಾಗ ಪರಿಚಯದವರೊಬ್ಬರು ಸ್ಕೂಟರ್ ನಿಲ್ಲಿಸಿ, “ಯಾಕ್ರೀ, ಕಡೀತೇನು?” ಎಂದು ಕಾಳಜಿಯಿಂದ ಕೇಳಿದರು. ಇಲ್ಲ ಎಂದೆ. ಅವರಿಗೆ ಸ್ವಲ್ಪ ನಿರಾಶೆಯಾದಂತೆ ಕಂಡಿತು. ನೀವೂ ನನ್ನನ್ನು ಎಲ್ಲಾದರೂ ಈ ಭಂಗಿಯಲ್ಲಿ ನೋಡಿದ್ದರೆ ತಪ್ಪು ತಿಳಿಯಬೇಡಿ. ಒಂದು ಕಾಲಕ್ಕೆ ನಾನು ಒಂದು ನಾಯಿ ತಳಿಯ ಮೂಲಪುರುಷನಾಗಲು ಹೊರಟಿದ್ದೆ.

ಅದು ನಮ್ಮ ಜಿಲ್ಲೆ ಹೊಸದಾಗಿದ್ದ ಕಾಲ. ಧಾರವಾಡದಿಂದ ಬೇರೆಯಾಗಿ ಗದಗು ತನ್ನದೇ ಸಂಸಾರ ಹೂಡಿತ್ತು. ಹೊಸ ಸಂಸಾರವೆಂದ ಮೇಲೆ ಲಟ್ಟಣಿಗೆಯಿಂದ ಹಿಡಿದು ಎಲ್ಲವೂ ಬೇಕಲ್ಲ. ಯಾರನ್ನು ಮಾತಾಡಿಸಿದರೂ ಜಿಲ್ಲೆಗೆ ಅದಿಲ್ಲ, ಜಿಲ್ಲೆಗೆ ಇದಿಲ್ಲ ಎಂಬ ಚಿಂತೆ. ನಿನ್ನೆಯವರೆಗೆ ಬರಿಯ ಕಟಿಂಗ್ ಅಂಗಡಿಯಾಗಿದ್ದದ್ದು ಬೆಳಗಾಗುವುದರೊಳಗೆ ಜಿಲ್ಲಾ ಕಟಿಂಗ್ ಅಂಗಡಿಯಾಯಿತು. ಅದೇ ಕತ್ತರಿ, ಅದೇ ಒಡೆದ ಕನ್ನಡಿ. ಕ್ಷೌರ ಮಾತ್ರ ಜಿಲ್ಲಾ ಮಟ್ಟದ್ದು. ನಾನು ಧಾರವಾಡದಿಂದ ವರ್ಗವಾಗಿ ಬಂದ ಗುಮಾಸ್ತ. ನಮ್ಮ ಹೊಸ ಕಚೇರಿಗೆ ನಾವು ಬಂದಿದ್ದೆವು, ಫೈಲುಗಳು ಬಂದಿದ್ದವು, ಕುರ್ಚಿಗಳು ಬರುವುದಿತ್ತು. ಸಾಹೇಬರು ಕಿಟಕಿಯ ಕಟ್ಟೆಯ ಮೇಲೆ ಕುಳಿತು ಸಹಿ ಹಾಕುತ್ತಿದ್ದರು. ಹೀಗಾಗಿ ನನಗೆ ಬೇಕಾದಷ್ಟು ಬಿಡುವಿತ್ತು.

ಬಿಡುವಾದಾಗಲೆಲ್ಲ ಬೆಟಗೇರಿಗೆ ಹೋಗಿ ಮೆಹಬೂಬನ ಸೀರೆ ಅಂಗಡಿಯಲ್ಲಿ ಕೂಡುತ್ತಿದ್ದೆ. ಅವನೂ ನಾನೂ ಲಕ್ಷ್ಮೇಶ್ವರದವರು. ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕುಳಿತು, ಒಬ್ಬರದೊಬ್ಬರು ನೋಡಿ ಬರೆದು, ಗಣಿತದಲ್ಲಿ ಇಬ್ಬರೂ ಸರಿಸಮನಾಗಿ ನಪಾಸಾದವರು. ಶ್ರೀಪಾದ ಎಂಬ ನನ್ನ ಹೆಸರನ್ನು ಅಂದಿನಿಂದ ಇಂದಿನವರೆಗೆ ಅವನು ಪೂರ್ತಿ ಉಚ್ಚರಿಸಿದ್ದಿಲ್ಲ.

“ಲೇ ಶೀಪ್ಯಾ” ಎಂದ ಒಂದು ದಿನ, ಗಿರಾಕಿ ಬೇಡವೆಂದು ಎಸೆದುಹೋದ ಸೀರೆಗಳನ್ನು ಮಡಚುತ್ತ. “ಧಾರವಾಡಕ್ಕ ಪೇಡೆ ಐತಿ. ಇಳಕಲ್ಲಿಗೆ ಸೀರಿ ಐತಿ. ಮುಧೋಳಕ್ಕ ನಾಯಿ ಐತಿ. ನಮ್ಮ ಜಿಲ್ಲಾಕ್ಕ ಏನೈತಿ?”

“ಗಾಳಿ ಅದ” ಎಂದೆ.

“ಗಾಳಿಗೆ ಯಾರ ಹೆಸರೂ ಇಡಾಕ ಬರಂಗಿಲ್ಲ. ನಮ್ಮ ಬೆಟಗೇರಿ ಸೀರಿ ಉಟ್ಕೊಂಡೂ ಮಂದಿ ಇಳಕಲ್ ಸೀರಿ ಅಂತಾರ. ಅದು ಹೋಗ್ಲಿ ಬಿಡು. ನಾಯಿ ಒಂದು ಉಳದೈತಿ. ನಾವ ಒಂದು ತಳಿ ಎಬ್ಬಸೂಣು.”

ಇಂಥ ಮಾತನ್ನು ಚಹಾ ಕುಡಿಯುವಷ್ಟು ಹೊತ್ತು ಆಡಿ ಬಿಟ್ಟುಬಿಡುವುದು ಬುದ್ಧಿವಂತರ ಲಕ್ಷಣ. ನಾವು ಎರಡನೆಯ ಚಹಾ ತರಿಸಿದೆವು.

ಈ ಕೆಲಸಕ್ಕೆ ನಮ್ಮ ಅರ್ಹತೆಯನ್ನೂ ಹೇಳಿಬಿಡುತ್ತೇನೆ. ನಮ್ಮದು ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನ. ನಮ್ಮ ಹೊಸ್ತಿಲು ದಾಟಿ ಒಳಗೆ ಬಂದ ನಾಯಿಗಳೆಂದರೆ ದತ್ತಾತ್ರೇಯನ ಪಟದಲ್ಲಿದ್ದ ನಾಲ್ಕು ಮಾತ್ರ, ಅವೂ ಗಾಜಿನ ಹಿಂದೆ. ನೀರು ತರುವಾಗ ಓಣಿಯ ನಾಯಿ ಸೆರಗಿಗೆ ತಾಗಿದರೆ ನಮ್ಮವ್ವ ಕೊಡದ ನೀರನ್ನೆಲ್ಲ ಚೆಲ್ಲಿ ಮತ್ತೆ ಬಾವಿಗೆ ಹೊರಡುವಳು. ನಾನು ಊಟದ ನಡುವೆ ರೊಟ್ಟಿಯ ಚೂರನ್ನು ಚಡ್ಡಿಯ ಕಿಸೆಗೆ ಸೇರಿಸಿ, ಹಿಂದಿನ ಸಂದಿಯಲ್ಲಿ ಕಾಯುತ್ತಿದ್ದ ಒಂದು ಕಂದು ನಾಯಿಗೆ ಹಾಕಿ ಬರುತ್ತಿದ್ದೆ. ರೊಟ್ಟಿಯ ಜೊತೆ ಒಂದು ದಿನ ಎಣ್ಣೆಗಾಯಿಯೂ ಕಿಸೆಗೆ ಹೋಗಿ, ಕಲೆ ಬಿದ್ದು, ಗುಟ್ಟು ರಟ್ಟಾಯಿತು. ಚಡ್ಡಿಯ ಸಮೇತ ನನ್ನನ್ನು ಬಾವಿಕಟ್ಟೆಯ ಮೇಲೆ ನಿಲ್ಲಿಸಿ ತಣ್ಣೀರು ಸುರಿದರು. ಮೆಹಬೂಬನ ಮನೆಯಲ್ಲೂ ಇದೇ ಕಥೆ. ನಾಯಿ ಮೂತಿಯಿಟ್ಟ ಪಾತ್ರೆಯನ್ನು ಅವನ ತಾಯಿ ಮಣ್ಣು ಹಚ್ಚಿ ತಿಕ್ಕಿ, ತೊಳೆದು, ಮತ್ತೆ ತಿಕ್ಕಿ, ಆಮೇಲೂ ಸಮಾಧಾನವಾಗದೆ ಕೋಳಿಗೆ ನೀರಿಡಲು ಇಟ್ಟುಬಿಡುತ್ತಿದ್ದಳು. ಎರಡು ಮನೆತನಗಳು ಒಮ್ಮತದಿಂದ ಬೇಡವೆಂದಿದ್ದ ಪ್ರಾಣಿಯನ್ನೇ ನಾವು ಉದ್ಧಾರಕ್ಕೆ ಆರಿಸಿಕೊಂಡೆವು.

ಅನುಭವವಿಲ್ಲದವನಿಗೆ ಪುಸ್ತಕವೇ ಆಧಾರ. ರೈಲಿನಲ್ಲಿ ಯಾರೋ ಬಿಟ್ಟುಹೋದ ಇಂಗ್ಲಿಷ್ ಮಾಸಿಕವೊಂದರಲ್ಲಿ, ನಾಯಿ ತಳಿ ಕಟ್ಟುವವರಿಗೆಂದೇ ಬರೆದ ಲೇಖನ ನನಗೆ ಸಿಕ್ಕಿತು. ಅದರ ಸಾರ ಇಷ್ಟು. ಗಂಡನ್ನು ಎಲ್ಲಿಂದ ಬೇಕಾದರೂ ಕಡ ತರಬಹುದು; ಮೊದಲ ಹೆಣ್ಣು ಮಾತ್ರ ನಿಮ್ಮದೇ ಆಗಿರಬೇಕು, ಅವಳೇ ತಳಿಯ ಬುನಾದಿ. ಅವಳ ಮುಖ ನೋಡಿ ಮರುಳಾಗಬೇಡಿ. ಅವಳ ತಾಯಿಯನ್ನು ನೋಡಿ, ತಾಯಿಯ ತಾಯಿಯನ್ನು ವಿಚಾರಿಸಿ. ಹೇಗೆ ಹಡೆದರು, ಹೇಗೆ ಮೊಲೆಯೂಡಿಸಿದರು, ಸಿಟ್ಟು ಎಷ್ಟು, ಸೈರಣೆ ಎಷ್ಟು, ಎಲ್ಲವನ್ನೂ ತಿಳಿದುಕೊಂಡು ಆಮೇಲೆ ಮುಂದುವರಿಯಿರಿ.

“ಅಂದ್ರ ಎಲ್ಲಾ ಹೆಣ್ಣಿನ ಕಡಿಂದ” ಎಂದ ಮೆಹಬೂಬ. “ಗಂಡಿಂದೇನು, ಬಂದು ಉಂಡು ಹೋಗಾಂವ.”

ರಾತ್ರಿ ಊಟಕ್ಕೆ ಕುಳಿತಾಗ ನಾನು ಈ ಲೇಖನವನ್ನು ಗಟ್ಟಿಯಾಗಿ ಕನ್ನಡಕ್ಕೆ ತಿರುಗಿಸಿ ಹೇಳುತ್ತಿದ್ದೆ. ನನ್ನ ಹೆಂಡತಿ ವನಮಾಲಾ ಒಲೆಯ ಮುಂದಿನಿಂದ ಕೇಳುತ್ತಿದ್ದಳು.

“ಹೆಣ್ಣು ತರೂಮುಂದ ತವರಿನ ಕಡೆ ಪೂರಾ ನೋಡಬೇಕಂತ ಬರದಾನ” ಎಂದೆ.

“ನನ್ನ ಪುಣ್ಯಾ ದೊಡ್ಡದು” ಎಂದಳು, ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ. “ನಿಮ್ಮ ಮನಿಯವರು ಈ ಪುಸ್ತಕ ಓದಿದ್ದಿಲ್ಲ. ಓದಿದ್ರ ನಾ ಪಾಸ್ ಆಗ್ತಿದ್ದಿಲ್ಲ.”

ಇಬ್ಬರೂ ನಕ್ಕೆವು. ಅವಳು ಹೇಳಿದ್ದು ನಿಜವಾಗಿತ್ತು. ತೀರ ಚಿಕ್ಕವಳಿದ್ದಾಗಲೇ ತಂದೆ-ತಾಯಿ ಇಬ್ಬರನ್ನೂ ಕಳೆದುಕೊಂಡು ಹುಬ್ಬಳ್ಳಿಯಲ್ಲಿ ಕಾಕಾನ ಮನೆಯಲ್ಲಿ ಬೆಳೆದವಳು ವನಮಾಲಾ. ಮದುವೆ ಮಾಡಿಕೊಟ್ಟಲ್ಲಿಗೆ ಅವರ ಕರ್ತವ್ಯ ಮುಗಿಯಿತು. ಕೆಟ್ಟವರೇನಲ್ಲ, ಕರೆಯಲು ಬರುತ್ತಿರಲಿಲ್ಲ ಅಷ್ಟೇ. ಮಗಳು ಅಪರ್ಣಾ ಹುಟ್ಟಿದಾಗ ಬಾಣಂತನ ನಮ್ಮವ್ವನೇ ಮಾಡಿದಳು. ನಮ್ಮ ಕಡೆ ನಾಗರ ಪಂಚಮಿ ಬಂತೆಂದರೆ ಓಣಿಗೆ ಓಣಿಯೇ ಖಾಲಿಯಾಗುತ್ತದೆ. ಅಣ್ಣನೋ ತಮ್ಮನೋ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ, ಹೆಣ್ಣುಮಕ್ಕಳು ಚೀಲ ಎತ್ತಿಕೊಂಡು ಗಂಡನ ಮುಖವನ್ನೂ ನೋಡದೆ ತವರಿಗೆ ಹೊರಡುತ್ತಾರೆ. ವನಮಾಲಾ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿ, ಹೋಗುವವರೆಲ್ಲರ ಚೀಲಕ್ಕೂ ನಾಲ್ಕು ನಾಲ್ಕು ಹಾಕಿ ಕಳಿಸುತ್ತಿದ್ದಳು. ನೀವು ಹೋಗೋದಿಲ್ಲೇನು ಎಂದು ಯಾರಾದರೂ ಕೇಳಿದರೆ, “ನನಗ ಮನಿ ಬಿಟ್ಟು ಹೋಗ್ಲಿಕ್ಕೆ ಬ್ಯಾಸರಾ” ಎನ್ನುವಳು. ಅದು ಸುಳ್ಳೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏನು ಮಾಡುವುದು? ಸೀರೆ ತಂದುಕೊಡಬಹುದು, ಗಂಡನಾದವನಿಗೆ ತವರು ತಂದುಕೊಡಲು ಬರುವುದಿಲ್ಲ. ಆ ನಾಲ್ಕು ದಿನ ನಾನು ಮನೆಗೆ ಸ್ವಲ್ಪ ತಡವಾಗಿ ಬರುತ್ತಿದ್ದೆ.

ಇರಲಿ, ನಾಯಿಯ ವಿಷಯಕ್ಕೆ ಬರೋಣ.

ಮೊದಲು ಹರ್ತಿಗೆ ಹೋದೆವು. ಅಲ್ಲೊಬ್ಬ ರೈತನ ಮನೆಯ ಹೆಣ್ಣುನಾಯಿ ಮೊಲ ಹಿಡಿಯುವುದರಲ್ಲಿ ಎತ್ತಿದ ಕೈ ಎಂದು ಯಾರೋ ಹೇಳಿದ್ದರು. ನಾವು ನೋಡುತ್ತಿದ್ದಂತೆಯೇ ಒಂದು ಕೋಳಿ ಬಂದು ಅದರ ಮೂತಿಗೆ ಕುಕ್ಕಿ, ಅದನ್ನು ಅದರದೇ ಬೋಗುಣಿಯಿಂದ ಓಡಿಸಿ, ಅಂಬಲಿ ಕುಡಿಯತೊಡಗಿತು. “ಮನ್ಯಾನ ಕೋಳಿಗೆ ಮರ್ಯಾದಿ ಕೊಡ್ತೈತ್ರಿ” ಎಂದ ಯಜಮಾನ. ಮೆಹಬೂಬನಿಗೆ ತಿಳಿದದ್ದು ಸೀರೆಯೊಂದೇ. ನಾಯಿಯ ಬೆನ್ನಿನ ಚರ್ಮವನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ, “ನೂಲು ಚಲೋ ಐತಿ, ಅಂಚು ಬರೋಬ್ಬರಿ ಇಲ್ಲ” ಎಂದ. ಅಂಚು ಎಂದರೆ ಬಾಲವೆಂದು ಆಮೇಲೆ ಗೊತ್ತಾಯಿತು. ನಾನು ಲೇಖನದಲ್ಲಿದ್ದಂತೆ ಹಲ್ಲಿನ ಸಾಲು ನೋಡಲು ಬಾಯಿ ಅಗಲಿಸಿದೆ. ನಾಯಿ ನನ್ನ ಬೆರಳುಗಳನ್ನು ನೋಡಿದ ರೀತಿಯಿಂದ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕಾಯಿತು.

ಮುಂಡರಗಿಯಲ್ಲಿ ಸಿಕ್ಕ ಹೆಣ್ಣು ಎಲ್ಲ ರೀತಿಯಿಂದಲೂ ಯೋಗ್ಯವಾಗಿತ್ತು. ಎದೆ ಆಳ, ಕಾಲು ನೆಟ್ಟಗೆ, ತಾಯಿ ಸಾತ್ವಿಕಳು, ಅಜ್ಜಿಯ ಬಗ್ಗೆಯೂ ಊರಲ್ಲಿ ಒಳ್ಳೆಯ ಮಾತು. ಯಜಮಾನರು ಕೊಡಲೂ ಒಪ್ಪಿದರು. ಎಲ್ಲ ಮುಗಿದು ಏಳುವಾಗ ನನ್ನ ಕೈ ಹಿಡಿದುಕೊಂಡು, “ನಮ್ಮ ತಮ್ಮ ಬೀದರದಾಗ ಸರಕಾರಿ ನೌಕರಿಯೊಳಗ ಅದಾನ್ರಿ. ಅಂವನ್ನ ಇಲ್ಲಿಗೆ ವರ್ಗಾ ಮಾಡಸ್ರಿ, ನಾಯಿ ನಾನ ತಂದು ಮನಿಗೆ ಮುಟ್ಟಸ್ತೀನಿ” ಎಂದರು. ಕೂಡಲು ಕುರ್ಚಿಯಿಲ್ಲದ ಗುಮಾಸ್ತ ನಾನು, ಬೀದರಿನಿಂದ ಮನುಷ್ಯನನ್ನು ಎಲ್ಲಿಂದ ತರಲಿ? ನಾಯಿಯನ್ನು ಅಲ್ಲೇ ಬಿಟ್ಟು ಬಂದೆವು.

ಬರುವ ದಾರಿಯಲ್ಲಿ ಮೆಹಬೂಬನಿಗೆ ಕೊರ್ಲಹಳ್ಳಿಯ ತನ್ನ ಖಾಲಾ, ಅಂದರೆ ಚಿಕ್ಕಮ್ಮ, ನೆನಪಾದಳು. ಹುಸೇನಬಿ ಎಂದು ಅವಳ ಹೆಸರು. ಗಂಡ ಇಮಾಮಸಾಬರದು ತುಂಗಭದ್ರೆಯ ದಂಡೆಗೆ ಹೊಲ, ಹೊಲದಲ್ಲೇ ಮನೆ. ಗೋವಿನಜೋಳಕ್ಕೆ ಬೀಳುವ ಹಂದಿ ಓಡಿಸಲು ತಲೆತಲಾಂತರದಿಂದ ಒಂದೇ ಸಂತಾನದ ಬೇಟೆನಾಯಿಗಳನ್ನು ಸಾಕಿಕೊಂಡು ಬಂದ ಮನೆ ಅದು. ಇಷ್ಟು ಹತ್ತಿರ ಇರುವುದನ್ನು ಇಷ್ಟು ತಿರುಗಿದ ಮೇಲೆ ಯಾಕೆ ಹೇಳುತ್ತೀ ಎಂದರೆ, “ಬೀಗರ ಪೈಕಿ ಬ್ಯಾಡ ಅಂತ ಸುಮ್ನಿದ್ನ್ಯೋ” ಎಂದ.

ಕೊರ್ಲಹಳ್ಳಿಯಲ್ಲಿ ಹಗ್ಗ ಹೆಣೆದ ಹೊರಸಿನ ನೆರಳಿಗೆ ತಾಯಿನಾಯಿ ಮಲಗಿತ್ತು. ಇಮಾಮಸಾಬರು ಅದರ ಪರಾಕ್ರಮ ಹೇಳತೊಡಗಿದರು. ಒಂದು ಸಲ ಹಂದಿಯೊಂದನ್ನು ಬೆನ್ನು ಹತ್ತಿ ಹೊಳೆ ಈಸಿ ಆಚೆ ದಂಡೆಗೆ ಹೋಯಿತಂತೆ, ಹಂದಿಯನ್ನು ಮುಗಿಸಿ ಸೇತುವೆಯ ಮೇಲಿನಿಂದ ನಡೆದು ವಾಪಸು ಬಂತಂತೆ.

“ಖರೆ ಹೇಳು” ಎಂದಳು ಒಳಗಿನಿಂದ ಬಂದ ಹುಸೇನಬಿ. “ಹಂದಿ ಹಿಂದ ಓಡಿದಾಂವ ನೀನು. ಇಕಿ ಅವತ್ತು ಇಲ್ಲೇ ಮಕ್ಕೊಂಡಿದ್ಲು.”

ಮರಿಗಳಲ್ಲಿ ಹೆಣ್ಣು ಎರಡಿದ್ದವು. ಒಂದು ಬೆಳ್ಳಗೆ ಚೆಲುವಾಗಿ, ನಮ್ಮನ್ನು ಕಂಡ ಕೂಡಲೇ ಓಡಿಬಂದು ಮೆಹಬೂಬನ ಚಪ್ಪಲಿ ಕಚ್ಚಿಕೊಂಡು ಹೋಯಿತು. ಇನ್ನೊಂದು ಕಂದು ಬಣ್ಣದ್ದು, ತಾಯಿಯ ಹೊಟ್ಟೆಗೆ ಒರಗಿ ಕುಳಿತು ನಮ್ಮನ್ನೇ ನೋಡುತ್ತಿತ್ತು. ಲೇಖನ ಯಾವುದನ್ನು ಹೇಳುತ್ತದೆ ಎಂದು ನಾನು, ಹೊಳಪು ಯಾವುದಕ್ಕಿದೆ ಎಂದು ಅವನು ವಾದಿಸತೊಡಗಿದೆವು. ಅಷ್ಟರಲ್ಲಿ ಹುಸೇನಬಿ ಹೊರಸಿನ ಮೇಲೆ ಕುಳಿತು ನನ್ನ ಪರೀಕ್ಷೆ ಶುರುಮಾಡಿದಳು.

“ಮನ್ಯಾಗ ಯಾರ್ಯಾರು ಇರ್ತೀರಿ ರಾಯರ?”

“ನಾನು, ಮನಿಯವರು, ಮಗಳು.”

“ಹಿತ್ತಲಾ ಐತೇನು? ಹಗಲೆಲ್ಲಾ ಕಟ್ಟಿ ಹಾಕ್ತೀರೇನು? ನಿಮ್ಮವ್ವಾರು ಬಂದ್ರ ಇಕಿನ್ನ ಎಲ್ಲಿ ಇಡ್ತೀರಿ? ಮನಿಯವ್ರು ಮೆತ್ತಗಿದಾರೋ ಜೋರಿದಾರೋ?”

ನಾನು ಒಂದೊಂದಕ್ಕೂ ಉತ್ತರ ಹೇಳಿದೆ. ಕೊನೆಯ ಪ್ರಶ್ನೆಗೆ ಮಾತ್ರ ಮೆಹಬೂಬ ಉತ್ತರಿಸಿದ. ಹುಸೇನಬಿ ಎದ್ದುಹೋಗಿ ಕಂದು ಮರಿಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟಳು. “ಇಕಿ ನಿಮ್ಮ ಮನಿಗೆ ಹೊಂದತಾಳ. ಹೆಸರು ಬಿಜಲಿ.” ಮಿಂಚಿನ ಹೆಸರಿನ ಆ ಮರಿ ಆಕಳಿಸಿ ಅಲ್ಲೇ ನಿದ್ದೆ ಹೋಯಿತು. ತಳಿಯ ಬುನಾದಿಯನ್ನು ಆರಿಸುವ ಕೆಲಸ ಹೀಗೆ ನಮ್ಮ ಸಹಾಯವಿಲ್ಲದೆ ನೆರವೇರಿತು.

“ಒಂದ ಮಾತು” ಎಂದಳು ಅವಳು, ನಾವು ಹೊರಡುವಾಗ. “ಚೊಚ್ಚಲ ಬಾಣಂತನ ನಮ್ಮಲ್ಲೇ ಆಗಬೇಕು. ನಮ್ಮ ಮನೀದು ಹೆಣ್ಣು ಯಾವ್ದರ ಇರ್ಲಿ, ಮೊದಲ್ನೇದು ತವರಾಗ ಹಡೀಬೇಕು. ಎಮ್ಮಿ ಕೊಟ್ರೂ ಹಂಗ, ಆಡು ಕೊಟ್ರೂ ಹಂಗ. ನಾವ ಬಂದು ಕರ್ಕೊಂಡು ಬರ್ತೀವಿ.”

ಹಳ್ಳಿಯ ಹೆಣ್ಣುಮಗಳ ಉಪಚಾರದ ಮಾತೆಂದು ತಿಳಿದು, ಆಗಲೇಳ್ರಿ ಎಂದು ನಕ್ಕೆ. ಅವಳು ನಗಲಿಲ್ಲ. ಒಂದು ಹಸಿರು ಅರಿವೆಯಲ್ಲಿ ಜೋಳ, ಬೆಲ್ಲ, ಕೊಬ್ಬರಿ ಬಟ್ಟಲು ಕಟ್ಟಿ ಮರಿಯ ಪಕ್ಕದಲ್ಲಿಟ್ಟು ಉಡಿ ತುಂಬಿದಳು. ಬಸ್ಸಿನಲ್ಲಿ ಗದಗು ಮುಟ್ಟುವುದರೊಳಗೆ ಬಿಜಲಿ ಆ ಬೆಲ್ಲವನ್ನು ತಿಂದು ಮುಗಿಸಿತ್ತು.

ನಮ್ಮದು ಬಾಡಿಗೆ ಮನೆ, ಹಿಂದೆ ಹಿತ್ತಲು. ಹಿತ್ತಲ ಬಾಗಿಲು ದಾಟಿ ನಾಯಿ ಒಳಗೆ ಬರಕೂಡದೆಂದು ನಾನು ಕಾಯಿದೆ ಮಾಡಿದೆ. ಕಾಯಿದೆಯನ್ನು ಬಿಜಲಿ ಪಾಲಿಸಿತು, ವನಮಾಲಾ ಪಾಲಿಸಲಿಲ್ಲ. ಅದು ಒಳಗೆ ಬರುವುದಿಲ್ಲವೆಂದು ಅವಳೇ ಹಿತ್ತಲಿಗೆ ಹೋಗಿ ಕೂಡತೊಡಗಿದಳು. ಕಾಳು ಹಸನು ಮಾಡುವುದು, ಮಗಳ ತಲೆ ಬಾಚುವುದು, ಹಪ್ಪಳದ ಹಿಟ್ಟು ಕುಟ್ಟುವುದು ಎಲ್ಲವೂ ಅಲ್ಲಿಗೆ ವರ್ಗವಾದವು. ನಮ್ಮವ್ವ ಲಕ್ಷ್ಮೇಶ್ವರದಿಂದ ಬಂದವಳು ನೋಡಿ, “ನಾಯಿ ಹೊರಗದ ಅಂತ ಹೇಳಿದ್ದಿ. ಮನೀನ ಹೊರಗ ಹೋಗೇದಲ್ಲೋ” ಎಂದಳು.

ಇಷ್ಟು ಸಾಲದೆಂಬಂತೆ ಹುಸೇನಬಿ ಬರತೊಡಗಿದಳು. ಉಳ್ಳಾಗಡ್ಡಿ ಮಾರಲು ಇಮಾಮಸಾಬರು ಗದಗಿಗೆ ಬಂದಾಗಲೆಲ್ಲ ಅವಳೂ ಬರುವಳು. ಹಿತ್ತಲ ಕಟ್ಟೆಯ ಮೇಲೆ ಕುಳಿತು, ಬಿಜಲಿಯ ಪಕ್ಕೆಲುಬು ಒತ್ತಿ ನೋಡಿ, ಪ್ರತಿಸಲವೂ, “ಸೊರಗ್ಯಾಳ” ಎನ್ನುವಳು.

“ಇಲ್ರೀ, ಹೊಟ್ಟಿ ತುಂಬ ಹಾಕ್ತೀನ್ರೀ” ಎಂದು ವನಮಾಲಾ ಗಾಬರಿಯಿಂದ ಹೇಳುವಳು.

“ಹಾಕ್ತೀಯವ್ವ, ಗೊತ್ತೈತಿ. ನೀ ಯಾಕ ಸೊರಗೀದಿ?”

ಆಮೇಲೆ ಚಹಾ ಆಗುವುದು, ಮಾತು ಆಗುವುದು. ನಾನು ಕಚೇರಿಯಿಂದ ಬಂದರೆ ಮಾತು ನಿಲ್ಲುವುದು. ತಳಿ ಕಟ್ಟುವ ಶಿಸ್ತಿನ ಕೆಲಸದಲ್ಲಿ ಮರಿ ಕೊಟ್ಟವರು ಹೀಗೆ ಬಂದು ಬಂದು ಹೋಗುವುದು ಸರಿಯಲ್ಲವೆಂದು ನಾನು ಮೆಹಬೂಬನ ಹತ್ತಿರ ಹೇಳಿದೆ. ಲೇಖನದಲ್ಲಿ ಇದಕ್ಕೆ ಪರಿಹಾರವಿರಲಿಲ್ಲ.

ಬಿಜಲಿ ಬೆಳೆದಾಗ ಗಂಡಿನ ಪ್ರಶ್ನೆ ಬಂತು. ಇಮಾಮಸಾಬರ ಅಣ್ಣನ ಮನೆಯಲ್ಲಿ ಅದೇ ಸಂತಾನದ ಗಂಡು ಇದೆ, ಅದೇ ಆಗಲಿ ಎಂದ ಮೆಹಬೂಬ. ಗುಣ ಗಟ್ಟಿಯಾಗಲು ಹತ್ತಿರದ ಸಂಬಂಧವೇ ಒಳ್ಳೆಯದೆಂದು ಲೇಖನವೂ ಹೇಳುತ್ತಿತ್ತು. ಆದರೆ ನನ್ನ ಬಾಯಿಂದ, “ಸಗೋತ್ರ ಆಗ್ತದಲ್ಲೋ” ಎಂಬ ಮಾತು ತಾನಾಗಿ ಬಂದುಬಿಟ್ಟಿತು. ಎಷ್ಟು ತಲೆಮಾರಿನ ಪುರೋಹಿತರು ಒಳಗಿನಿಂದ ಒಟ್ಟಿಗೆ ಮಾತಾಡಿದರೋ ಕಾಣೆ. ಮೆಹಬೂಬ ಅಂಗಡಿಯ ಗಾದಿಯ ಮೇಲೆ ಉರುಳಾಡಿ ನಕ್ಕ. ನಾನು ಮಾತ್ರ ಒಪ್ಪಲಿಲ್ಲ. ಕೊನೆಗೆ ಶಿರಹಟ್ಟಿಯಲ್ಲಿ ನಿವೃತ್ತ ಮಾಸ್ತರೊಬ್ಬರ ಮನೆಯ ಗಂಡುನಾಯಿ ಗೊತ್ತಾಯಿತು. ಅದರ ಹಿರಿಯರೆಲ್ಲ ಮುಧೋಳದ ಕಡೆಯವರೆಂದು ಮಾಸ್ತರು ಆಣೆ ಮಾಡಿದರು.

ಬಿಜಲಿಯ ಹೊಟ್ಟೆ ಕಾಣಿಸಿಕೊಂಡಿತು. ಕಿಟಕಿಯಿಂದ ಕುರ್ಚಿಗೆ ಬಡ್ತಿ ಪಡೆದಿದ್ದ ಸಾಹೇಬರಿಗೆ ನಾನು ಮೊದಲ ಮರಿಯ ಮಾತು ಕೊಟ್ಟೆ. ಅವರು ಅವರ ಸಾಹೇಬರಿಗೆ ಎರಡನೆಯದರ ಮಾತು ಕೊಟ್ಟರು. ಮೆಹಬೂಬ ತಳಿಯ ಹೆಸರಿನ ಬೋರ್ಡೇ ಬರೆಸಿದ. ಅದರ ಮೇಲೆ ಗದಗು ಮೊದಲು ಬರಬೇಕೋ ಬೆಟಗೇರಿ ಮೊದಲು ಬರಬೇಕೋ ಎಂದು ನಮಗೆ ಜಗಳವೂ ಆಯಿತು.

ಶ್ರಾವಣ ಬಂತು. ಎದುರು ಮನೆಯವಳ ತಮ್ಮ ಬಂದ, ಮೂಲೆ ಮನೆಯವಳ ಅಣ್ಣ ಬಂದ. ವನಮಾಲಾ ಉಂಡಿ ಕಟ್ಟುತ್ತಿದ್ದಳು. ಆಗ ನಮ್ಮ ಬಾಗಿಲಿಗೂ ಒಂದು ಟೆಂಪೋ ಬಂದು ನಿಂತಿತು. ಇಮಾಮಸಾಬರು ತೊಳೆದ ರುಮಾಲು ಸುತ್ತಿಕೊಂಡು ಇಳಿದರು. ಹುಸೇನಬಿ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟಿದ್ದಳು, ಕೈಯಲ್ಲಿ ಬುಟ್ಟಿ.

“ಕರಿಯಾಕ ಬಂದೀವ್ರಿ” ಎಂದಳು.

“ಯಾರನ್ನ?”

“ಬಿಜಲಿನ್ನ. ದಿನ ತುಂಬಾಕ ಬಂದಾವು.”

ಹಡೆಯುವುದು ಕೊರ್ಲಹಳ್ಳಿಯಲ್ಲಾದರೆ ಮರಿಗಳು ಯಾರ ಕೈಸೇರುತ್ತವೋ, ತಳಿ ಯಾರ ಹೆಸರಿಗೆ ಹೋಗುತ್ತದೋ, ಸಾಹೇಬರಿಗೆ ಏನು ಹೇಳುವುದು? ಕೂಡಲೇ ಮೆಹಬೂಬನನ್ನು ಕರೆಸಿದೆ. ಅವನು ಖಾಲಾನ ಮುಂದೆ ತುಟಿ ಬಿಚ್ಚಲಿಲ್ಲ. ನಾನೊಬ್ಬನೇ ವಾದಿಸಿದೆ. ಮೊದಲ ಸೂಲು ತಳಿಗಾರನ ಕಣ್ಣೆದುರಿಗೇ ಆಗಬೇಕೆಂದು ಶಾಸ್ತ್ರವಿದೆ ಎಂದೆ. “ನಮ್ಮಲ್ಲೂ ಶಾಸ್ತ್ರ ಐತ್ರಿ” ಎಂದು ಹುಸೇನಬಿ ಬುಟ್ಟಿಯಿಂದ ಹಸಿರು ಬಳೆ ತೆಗೆದು ವನಮಾಲಾಳ ಕೈಗೆ ಕೊಟ್ಟಳು. “ಇವು ನಿನಗ. ನಾಯಿಗೆ ಬಳಿ ಇಡಾಕ ಬರಂಗಿಲ್ಲ. ಅಂದಂಗ ನೀ ಯಾವಾಗ ಹೊಂಟೀಯವ್ವ ಪಂಚಮಿಗೆ? ಯಾರು ಬರ್ತಾರ ಕರಿಯಾಕ?”

“ನನಗ ಮನಿ ಬಿಟ್ಟು…” ಎಂದು ಶುರುಮಾಡಿದ ವನಮಾಲಾ ಅಲ್ಲಿಗೇ ನಿಲ್ಲಿಸಿದಳು. ಬಳೆಗಳನ್ನು ಕೈಯಲ್ಲಿ ಹಾಗೇ ಹಿಡಿದುಕೊಂಡು ನನ್ನ ಕಡೆ ತಿರುಗಿದಳು. “ಕಳಸ್ರಿ ಅಕಿನ್ನ.”

“ಅಲ್ಲ, ತಳಿ ಅಂದ್ರ…”

“ಕರೀಲಿಕ್ಕೆ ಬಂದಾರ್ರೀ” ಎಂದಳು. “ನಾಯಿಗಾದ್ರೂ ಬಂದಾರ. ಒಲ್ಲೆ ಅನಬ್ಯಾಡ್ರಿ.”

ನನಗೆ ಬಹಳ ಕೆಡುಕೆನಿಸಿತು. ಇಷ್ಟು ವರ್ಷ ಈ ಮಾತನ್ನು ಅವಳು ಉಂಡಿಯೊಳಗೆ ಸೇರಿಸಿ ಕಟ್ಟಿ ಪರರ ಚೀಲಕ್ಕೆ ಹಾಕುತ್ತ ಬಂದಿದ್ದಳು. ಹುಸೇನಬಿ ಸಮಾಧಾನ ಹೇಳಲಿಲ್ಲ, ಗದರಿಸಿದಳು.

“ನಾಯಿ ಒಂದ ಹೆಂಗ ಬರ್ತೈತಿ? ನಿನ್ನ ಕೈಯಾಗ ಬೆಳದಾಕಿ ಅಲ್ಲಿ ಬಂದು ಬ್ಯಾನಿ ತಿನ್ನೂಮುಂದ ಯಾರ ಮಾರಿ ನೋಡಬೇಕು? ಏಳು, ನೀನೂ ನಡಿ. ಹುಡುಗೀನ್ನೂ ಕರ್ಕೊ.”

“ಊಟಾ?” ಎಂದೆ ನಾನು. ನಮ್ಮ ಮನೆತನದ ಮಡಿಯೆಲ್ಲ ಆ ಒಂದು ಮಾತಿನಲ್ಲಿತ್ತು.

“ಒಲಿ ಬ್ಯಾರೆ ಹೂಡಿ ಕೊಡ್ತೀನ್ರಿ ರಾಯರ. ಭಾಂಡೆ ಹೊಸಾವು ಅದಾವ.”

“ಎರಡು ಒಲಿ ಯಾಕ್ರೀ?” ವನಮಾಲಾಳ ಧ್ವನಿ ಒಳಕೋಣೆಯಿಂದ ಬಂತು. ಅವಳು ಆಗಲೇ ಟ್ರಂಕು ತೆಗೆದಿದ್ದಳು. “ನೀವು ರೊಟ್ಟಿ ಬಡೀರಿ, ನಾ ಪಲ್ಯಾ ಮಾಡ್ತೀನಿ.”

ನಾಯಿ, ಹೆಂಡತಿ, ಮಗಳು, ಡಬ್ಬಿ ತುಂಬ ಉಂಡಿ ಎಲ್ಲವನ್ನೂ ಹತ್ತಿಸಿಕೊಂಡು ಟೆಂಪೋ ಹೊರಟಿತು. ವನಮಾಲಾ ಹಿಂದಿರುಗಿ ನೋಡಲಿಲ್ಲ. ತವರಿಗೆ ಹೋಗುವವರು ನೋಡುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತಲ್ಲ. “ದೋಸ್ತ, ಬುನಾದಿ ಹೋತಲೇ” ಎಂದ ಮೆಹಬೂಬ. ಇಬ್ಬರೂ ಖಾನಾವಳಿಗೆ ಹೋಗಿ ಉಂಡೆವು.

ಪಂಚಮಿ ಕಳೆದ ಮೇಲಿನ ರಜೆಗೆ ನನ್ನ ತಳಿಯನ್ನು ನೋಡಲು ಕೊರ್ಲಹಳ್ಳಿಗೆ ಹೋದೆ. ಹೊಲದಂಚಿನ ಹುಣಸೆಮರಕ್ಕೆ ಜೋಕಾಲಿ ಕಟ್ಟಿದ್ದರು. ಅದರ ಮೇಲೆ ನಿಂತು, ಸೀರೆ ಕಚ್ಚೆ ಕಟ್ಟಿ, ಜಡೆ ಬಿಚ್ಚಿಹೋದದ್ದರ ಪರಿವೆಯಿಲ್ಲದೆ ಜೀಕುತ್ತಿದ್ದವಳು ನನ್ನ ಹೆಂಡತಿಯೆಂದು ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಇನ್ನೂ ಜೋರಾಗಿ ದೂಡು ಎಂದು ಅವಳು ಕೂಗುತ್ತಿದ್ದಳು. ಹುಸೇನಬಿ ಕೆಳಗೆ ನಿಂತು, “ಬೀಳ್ತೀಯ ಲೇ ಹುಡುಗಿ” ಎಂದು ಬೈಯುತ್ತಿದ್ದಳು. ವನಮಾಲಾಳನ್ನು ಹುಡುಗಿ ಎಂದು ಯಾರಾದರೂ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಮರದ ಈಚೆಗೇ ನಿಂತುಕೊಂಡೆ.

ಮರಿಗಳು ಹೊರಸಿನ ಕೆಳಗಿದ್ದವು. ಒಂದಕ್ಕೆ ಕಿವಿ ನೆಟ್ಟಗೆ, ಒಂದಕ್ಕೆ ಬಾಲ ಸುರುಳಿ. ಒಂದರ ಮೈಮೇಲಂತೂ ಕೊರ್ಲಹಳ್ಳಿಯಲ್ಲಾಗಲಿ ಶಿರಹಟ್ಟಿಯಲ್ಲಾಗಲಿ ಯಾರೂ ಕಂಡಿರದ ಕರಿ ಚುಕ್ಕೆಗಳು. ಮಾಸ್ತರ ನಾಯಿಯ ಹಿರಿಯರು ಮುಧೋಳಕ್ಕೆ ಹೋಗುವ ದಾರಿಯಲ್ಲಿ ಬೇರೆ ಬೇರೆ ಊರಲ್ಲಿ ವಸತಿ ಮಾಡಿರಬೇಕು. ಇಮಾಮಸಾಬರು ಮಾತ್ರ ಎಲ್ಲವನ್ನೂ ಬೀಗರು ಬಿಜ್ಜರಿಗೆ ಹೇಳಿ ಮುಗಿಸಿದ್ದರು. ಹೇಗೋ ಬೇಡಿಕೊಂಡು, ಮೊಲೆ ಬಿಟ್ಟ ಮೇಲೆ ಚುಕ್ಕೆಯದನ್ನು ಸಾಹೇಬರಿಗೆಂದು ತಂದೆ. ಸಾಹೇಬರಿಗೆ ಅಷ್ಟರಲ್ಲಿ ವರ್ಗವಾಗಿ, ಮರಿ ಕಚೇರಿಯ ಕಾವಲುಗಾರನ ಪಾಲಾಯಿತು. ಬೋರ್ಡನ್ನು ಮೆಹಬೂಬ ಅಂಗಡಿಯ ಅಟ್ಟಕ್ಕೆ ಹಾಕಿದ. ಜಿಲ್ಲೆಗೆ ಬೇರೆ ಏನೇನೋ ಬಂತು, ತಳಿಯೊಂದು ಬರಲಿಲ್ಲ.

ಬಾಣಂತನ ಮುಗಿದ ಮೇಲೆ ಬಿಜಲಿಯನ್ನೂ ವನಮಾಲಾಳನ್ನೂ ಟೆಂಪೋದಲ್ಲೇ ತಂದು ಬಿಟ್ಟುಹೋದರು. ಇಬ್ಬರೂ ಮೈತುಂಬಿಕೊಂಡಿದ್ದರು. ಮುಂದೆ ನಾನು ಗಂಡಿನ ಮಾತೆತ್ತಲಿಲ್ಲ. ಬಿಜಲಿಯೂ ಎತ್ತಲಿಲ್ಲ.

ಮರುವರ್ಷ ಶ್ರಾವಣದಲ್ಲಿ ವನಮಾಲಾ ಎಂದಿನಂತೆ ಉಂಡಿ ಕಟ್ಟಿ ಎದುರು ಮನೆಗೆ, ಮೂಲೆ ಮನೆಗೆ ಕೊಟ್ಟು ಬಂದಳು. ಈ ಸಲ ಬಿಜಲಿಗೆ ಹೊಟ್ಟೆಯಿಲ್ಲ, ಯಾರು ಬರುತ್ತಾರೆ? ನಾನೂ ಅದನ್ನೇ ಯೋಚಿಸುತ್ತ, ಸಂಜೆ ಬೆಟಗೇರಿಗೆ ಹೋಗಿ ತಡವಾಗಿ ಬಂದರಾಯಿತೆಂದು ಚಪ್ಪಲಿ ಮೆಟ್ಟುತ್ತಿದ್ದೆ. ಬಾಗಿಲಲ್ಲಿ ಟೆಂಪೋ ನಿಂತಿತು. ಹುಸೇನಬಿ ಬುಟ್ಟಿ ಹಿಡಿದು ಇಳಿದಳು.

ನನಗೆ ಅವಳ ಬಗ್ಗೆ ಮರುಕವೆನಿಸಿತು. ಪಾಪ, ಅಷ್ಟು ದೂರದಿಂದ ಬಂದಿದ್ದಾಳೆ. “ಸುಮ್ನ ತ್ರಾಸ ತೊಗೊಂಡ್ರಿ ನೀವು” ಎಂದೆ. “ಬಿಜಲಿಗೆ ಈ ವರ್ಷ ಏನೂ ಇಲ್ರಿ.”

“ಬಿಜಲಿನ್ನ ಯಾರು ಕರಿಯಾಕ ಬಂದಾರ?” ಎಂದಳು ಹುಸೇನಬಿ. “ಬಾಗಲಾ ಬಿಟ್ಟು ಸರೀರಿ ರಾಯರ. ನನ್ನ ಮಗಳ್ನ ಕರೀರಿ.”